ಹಂಚುವುದಕ್ಕೆ ಮೊದಲು

18 ಆಗಸ್ಟ್ 2025, ಸೋಮವಾರ

ಸೊಸೆ ಇವತ್ತೂ ನನ್ನ ಮಗ ಶಶಿಯ ಮೇಜಿನ ಮುಂದೆ ಕೂತಳು. ಮದ್ದೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿ ಆರರ ಬಸ್ಸಿಗೆ ಬಂದವಳು, ಮುಖ ತೊಳೆದು ದೀಪ ಹಚ್ಚಿ, ಕಾಫಿಯನ್ನೂ ಕುಡಿಯದೆ ಆ ಕೋಣೆಗೆ ಹೋದಳು. ಗಂಡ ಸತ್ತು ಎರಡು ತಿಂಗಳಾಗಿದೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಇವಳು ಅತ್ತದ್ದನ್ನು ನಾನು ಕಂಡಿಲ್ಲ. ನಾನೂ ಅತ್ತಿಲ್ಲ. ಆದರೆ ಈ ಚಲುವಮ್ಮ ಯಾರ ಮುಂದೆಯೂ ಅಳುವವಳಲ್ಲ ಎಂದು ನಮ್ಮ ಊರು ಕೊಪ್ಪಕ್ಕೆಲ್ಲ ಗೊತ್ತು. ಇವಳ ವಿಷಯ ಯಾರಿಗೆ ಗೊತ್ತು?

ಪೂರಿಗಾಲಿಯಿಂದ ತಮ್ಮ ಪುಟ್ಟಸ್ವಾಮಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಬಸ್ಸಾರು ಕಂಡರೆ ತಮ್ಮನಿಗೆ ನಾಚಿಕೆ ಇರುವುದಿಲ್ಲ. ಸೊಸೆ ಕೋಣೆಯಿಂದ ಈಚೆ ಬರುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು. ಮುದ್ದೆಗೆ ಮಜ್ಜಿಗೆ ಹಾಕಿಕೊಂಡು, ಉಪ್ಪಿನಕಾಯಿ ನಂಚಿಕೊಂಡು ಉಂಡು ಎದ್ದಳು. ಮನೆಯ ಸೊಸೆ ಕೊನೆಗೇ ಉಣ್ಣಬೇಕು. ನಾನೂ ಹಾಗೇ ಉಂಡವಳು. ಏನೂ ಕಡಿಮೆಯಾಗಿಲ್ಲ.

22 ಆಗಸ್ಟ್

ಈ ಡೈರಿ ನಮ್ಮ ಹಾಲಿನ ಸಂಘ ಹೊಸ ವರ್ಷಕ್ಕೆ ಕೊಟ್ಟದ್ದು. ನಾನು ಸಂಘದ ಅಧ್ಯಕ್ಷೆಯಾದ ವರ್ಷದಿಂದ ಬರೆಯುತ್ತಿದ್ದೇನೆ. ಈ ಸಲ ಜೂನ್ ತಿಂಗಳ ಪುಟಗಳು ಖಾಲಿ. ಅಲ್ಲಿ ಬರೆಯಬೇಕಾಗಿದ್ದದ್ದು ಇಷ್ಟೇ. ಬೆಳಿಗ್ಗೆ ಶಶಿ ಕ್ಯಾನು ಹಿಡಿದು “ಅವ್ವ, ಹಾಲು ಹಾಕ್ಬುಟ್ಟು ಬತ್ತೀನಿ” ಅಂದ. ನಾನು ಏನೋ ಅಂದೆ. ಅವನು ಹಾಲು ಹಾಕಿ ಹೊರಗೆ ಬಂದವನು ಡೇರಿಯ ಮೆಟ್ಟಿಲ ಮೇಲೆ ಬಿದ್ದ. ಮಂಡ್ಯದ ಆಸ್ಪತ್ರೆ ಮುಟ್ಟುವ ಮೊದಲೇ ಎದೆ ನಿಂತಿತ್ತು. ಖಾಲಿ ಕ್ಯಾನನ್ನು ಯಾರೋ ತಂದು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟು ಹೋದರು. ಅಲ್ಲೇ ಇದೆ.

ಇವತ್ತು ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸುದ್ದಿ ಹೇಳಿದಳು. ಶಶಿ ಮೈಸೂರಿನ ಕಂಪನಿಗೆ ಈ ಮನೆಯಲ್ಲೇ ಕೂತು ಹಾಲು ಪರೀಕ್ಷೆ ಮಾಡುವ ಯಂತ್ರದ ಕೆಲಸ ಮಾಡುತ್ತಿದ್ದ. ಅದು ನನಗೆ ಗೊತ್ತು. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿದ್ದನಂತೆ. ಕಂಪ್ಯೂಟರ್ ಎದ್ದಾಗ ಎಲ್ಲಕ್ಕಿಂತ ಮೊದಲು ಎದ್ದು ಮಿಕ್ಕವರನ್ನು ಎಬ್ಬಿಸುವ ಭಾಗಕ್ಕೆ ಕರ್ನಲ್ ಎನ್ನುತ್ತಾರೆ. ಅದು ಒಬ್ಬರ ಸೊತ್ತಲ್ಲ, ಎಲ್ಲ ದೇಶದವರೂ ಸೇರಿ ಬರೆಯುವುದು, ಬರೆದವರ ಹೆಸರು ಬರೆದದ್ದರ ಜೊತೆಗೇ ಇರುತ್ತದೆ. ಅದರೊಳಗೆ ಒಂದು ತುಂಡು ನಮ್ಮ ಶಶಿಯದು. ಯಂತ್ರ ಇದ್ದಕ್ಕಿದ್ದಂತೆ ಬಿದ್ದುಹೋದರೆ, ಬೀಳುವ ಮೊದಲು ಅದು ಬರೆದ ಕೊನೆಯ ಸಾಲುಗಳು ಅಳಿಯದ ಹಾಗೆ ಒಂದು ಜಾಗದಲ್ಲಿ ಉಳಿಸುವ ಕೆಲಸ. ಮತ್ತೆ ಎದ್ದಾಗ ಯಾಕೆ ಬಿತ್ತು ಎಂದು ಓದಿಕೊಳ್ಳಬಹುದು.

ಈಗ ಯಾವುದೋ ದೇಶದವನು, ತನ್ನ ಯಂತ್ರದಲ್ಲಿ ಆ ಸಾಲುಗಳು ಕೆಟ್ಟು ಬರುತ್ತಿವೆ ಎಂದು ದೂರು ಹೇಳಿದ್ದಾನೆ. ಆ ಭಾಗವನ್ನು ನೋಡಿಕೊಳ್ಳುವ ಯಜಮಾನ, ಬರೆದವನಿಗೆ ಎರಡು ಸಲ ಕಾಗದ ಹಾಕಿದೆ, ಉತ್ತರವಿಲ್ಲ, ಯಾರೂ ಸರಿ ಮಾಡದಿದ್ದರೆ ಕರ್ನಲ್ಲಿನ ಮುಂದಿನ ಆವೃತ್ತಿ ಹೊರಬರುವ ಮುಂಚೆ ಆ ತುಂಡನ್ನೇ ಕಿತ್ತು ಹಾಕುತ್ತೇನೆ ಎಂದಿದ್ದಾನೆ. ಸತ್ತವನಿಗೆ ಕಾಗದ ಬರೆದು ಉತ್ತರ ಬರಲಿಲ್ಲ ಎನ್ನುತ್ತಾರೆ.

“ಅವ್ನಿಲ್ಲ ಅಂತ ಬರೀ,” ಅಂದೆ. “ಹೆಸ್ರು ಕೀಳಂಗಿಲ್ಲ ಅಂತಾನೂ ಬರೀ.”

“ಹೆಸ್ರಿಗೋಸ್ಕರ ಯಾರೂ ಇಟ್ಕೊಳಲ್ಲ ಅತ್ತೆ. ಕೆಲ್ಸ ಸರಿಯಿದ್ರೆ ಇಟ್ಕೋತಾರೆ.”

“ಹಂಗಾರೆ ಸರಿ ಮಾಡು. ನೀನೂ ಓದಿದ್ದೀಯಲ್ಲ.”

ಅದು ತನ್ನ ಓದಲ್ಲ, ಬೇರೆಯದೇ ಓದು ಎಂದಳು. ಓದಿದರೆ ಬರುತ್ತದೆ ಎಂದೆ. ಶಶಿಗೆ ಮಕ್ಕಳಿಲ್ಲ. ಸಮಾಧಿಗೆ ಕಲ್ಲು ಇನ್ನೂ ಹಾಕಿಸಿಲ್ಲ. ಅವನ ಹೆಸರು ಇರುವುದು ಈಗ ಅಲ್ಲೊಂದೇ ಕಡೆ.

27 ಆಗಸ್ಟ್

ನಿನ್ನೆ ಗೌರಿ, ಇವತ್ತು ಗಣೇಶ. ನಮಗಿಲ್ಲ. ಪಕ್ಕದ ಮನೆಯ ಬೆಟ್ಟಮ್ಮ ಕಡುಬು ತಂದು ಕೊಟ್ಟಳು. ಸೊಸೆಗೆ ಕೊಟ್ಟೆ. ನಾನು ತಿನ್ನಲಿಲ್ಲ.

31 ಆಗಸ್ಟ್

ಯಜಮಾನನ ಉತ್ತರ ಬಂತು. ಸೊಸೆ ಓದಿ ಕನ್ನಡದಲ್ಲಿ ಹೇಳಿದಳು. ನಿಮ್ಮ ಗಂಡ ತೀರಿಕೊಂಡದ್ದು ಗೊತ್ತಿರಲಿಲ್ಲ, ಕ್ಷಮಿಸಿ, ಅವರ ಬರವಣಿಗೆ ಅಚ್ಚುಕಟ್ಟಾಗಿರುತ್ತಿತ್ತು. ಅಷ್ಟು ಒಂದು ಸಾಲು. ಆಮೇಲೆ, ಕಾಲಾವಕಾಶ ಅಕ್ಟೋಬರಿನವರೆಗೆ ಮಾತ್ರ. ಕ್ಷೇಮ ಕೇಳಲಿಲ್ಲ, ಸುತ್ತಿ ಬಳಸಿ ಹೇಳಲಿಲ್ಲ. ನಮ್ಮ ಮಳವಳ್ಳಿ ಕಡೆಯವರ ಹಾಗೆ ಮಾತನಾಡುತ್ತಾನೆ. ನನಗೇನೂ ಬೇಸರವಾಗಲಿಲ್ಲ.

ಆ ಕೆಲಸವೆಂದರೆ ಏನು ಎಂದು ಕೇಳಿದೆ. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಳೋ ಏನೋ, ಸ್ವಲ್ಪ ತಡೆದಳು. ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸಾದವಳು, ಹೇಳು ಎಂದೆ.

“ಮದ್ದೂರ್ ಬಸ್‌ಸ್ಟ್ಯಾಂಡಲ್ಲಿ ಮಳವಳ್ಳಿ ಬಸ್ಸು ಬಂದ್ರೆ ಕಿಟಕಿಯಿಂದ ಟವಲ್ ಎಸೀತಾರಲ್ಲ ಅತ್ತೆ, ಹಂಗೆ,” ಅಂದಳು.

ಯಂತ್ರ ಏಳುವಾಗ ಮೊದಲು ತನ್ನ ಹತ್ತಿರ ಬರೆದಿಡುವ ಜಾಗ ಎಷ್ಟಿದೆ ಎಂದು ನೋಡಿಕೊಳ್ಳುತ್ತದೆ. ಅದಕ್ಕೆ ಮೆಮೊರಿ ಎನ್ನುವುದು. ಆಗಿನ್ನೂ ಹಂಚುವವನು ಬಂದಿರುವುದಿಲ್ಲ. ಯಾರಿಗಾದರೂ ಖಾಯಂ ಜಾಗ ಬೇಕಿದ್ದರೆ ಆ ಚಿಕ್ಕ ಹೊತ್ತಿನಲ್ಲೇ ಹಿಡಿಯಬೇಕು. ಆಮೇಲೆ ಹಂಚುವವನು ಬಂದು, ಮಿಕ್ಕಿದ್ದನ್ನೆಲ್ಲ ಕೇಳಿದವರಿಗೆ ಕೇಳಿದ ಹಾಗೆ ಕೊಡಲು ಶುರು ಮಾಡುತ್ತಾನೆ. ಅವನು ಕೈ ಹಾಕಿದ ಮೇಲೆ, ಅದು ನನ್ನದಾಗಿತ್ತು ಎಂದು ಅತ್ತರೂ ಸಿಗುವುದಿಲ್ಲ.

ಟವಲ್ ಎಸೆಯುವವರನ್ನು ಕಂಡರೆ ನನಗಾಗದು. ಟವಲ್ಲಲ್ಲ, ಮೀಸಲು ಅನ್ನು ಎಂದೆ. ನನ್ನ ಮಾವ ಕಣದಲ್ಲಿ ಭತ್ತದ ರಾಶಿ ಅಳೆಯುವ ಮೊದಲು ಬಿತ್ತನೆಗೆ ಬೇಕಾದದ್ದನ್ನು ಎತ್ತಿ ಬೇರೆ ಇಡಿಸುತ್ತಿದ್ದರು. ಅಳತೆ ಶುರುವಾದ ಮೇಲೆ ಬಿತ್ತನೆ ಎಂದು ಬಾಯಿ ತೆಗೆದರೆ ಕೂಲಿಯವರು, ಕುಲುಮೆಯವನು, ಅಣ್ಣತಮ್ಮಂದಿರು ಎಲ್ಲರೂ ತಮ್ಮ ಪಾಲು ಹಿಡಿದು ಹೋಗಿರುತ್ತಾರೆ. ಹಸು ಕರು ಹಾಕಿದರೂ ಅಷ್ಟೇ. ದೇವರ ಮೀಸಲು ತೆಗೆಯದೆ ಮನೆಯವರು ಆ ಹಾಲು ಮುಟ್ಟುವುದಿಲ್ಲ.

“ಅದೇ ಅತ್ತೆ,” ಅಂದಳು. “ಬಸ್ಸಿಗಿಂತ ಇದೇ ಸರಿ.”

ಶಶಿ ಹೋದ ಮೇಲೆ ಇವಳ ಹಲ್ಲು ಕಂಡದ್ದು ಇವತ್ತು.

7 ಸೆಪ್ಟೆಂಬರ್, ಭಾನುವಾರ

ಇವತ್ತು ಮನೆಯಲ್ಲಿ ಮಾತಾಯಿತು.

ಕೆಟ್ಟದ್ದು ಎಲ್ಲಿ ಎಂದು ಸೊಸೆ ಕಂಡುಹಿಡಿದಿದ್ದಾಳೆ. ಶಶಿ ಪರೀಕ್ಷೆಗೆಂದು ಮೇಜಿನ ಮೇಲೆ ಇಟ್ಟುಕೊಂಡಿದ್ದ ಪುಟ್ಟ ಯಂತ್ರಕ್ಕೆ ಪರದೆ ಇಲ್ಲ. ಅದರಲ್ಲಿ ಅವನ ಬರವಣಿಗೆ ಸರಿಯಾಗಿಯೇ ನಡೆಯುತ್ತದೆ. ಪರದೆ ಇರುವ ಯಂತ್ರಗಳಲ್ಲಿ, ಶುರುವಿನಲ್ಲಿ ಚಿತ್ರ ತೋರಿಸುವುದಕ್ಕೆಂದು ಪರದೆ ಎಲ್ಲರಿಗಿಂತ ಮೊದಲೇ ಒಂದು ಜಾಗ ಹಿಡಿದಿರುತ್ತದೆ. ಶಶಿ ಅದೇ ಜಾಗವನ್ನು ತನಗೆ ಮೀಸಲಿಡು ಎಂದು ಕೇಳಿದ್ದಾನೆ. ಈ ಶುರುವಿನ ಹೊತ್ತಿನ ಲೆಕ್ಕಗಾರ ಎಂಥವನೆಂದರೆ, ಅಲ್ಲಿ ಆಗಲೇ ಯಾರೋ ಕೂತಿದ್ದರೂ ಬೇಡ ಅನ್ನುವುದಿಲ್ಲ, ಆಯಿತು ಅನ್ನುತ್ತಾನೆ. ಯಾರಾದರೂ ಇದ್ದಾರೆಯೇ ಎಂದು ಜಾಗ ಬೇಕಾದವನೇ ಮೊದಲು ಕೇಳಿಕೊಳ್ಳಬೇಕಿತ್ತು. ಶಶಿ ಕೇಳಲಿಲ್ಲ. ಒಂದೇ ಜಾಗದಲ್ಲಿ ಇಬ್ಬರು. ಬರೆದ ಅಕ್ಷರದ ಮೇಲೆ ಚಿತ್ರ ಬಂದು ಕೂರುತ್ತದೆ. ಯಾರೂ ಕೂಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

“ತಪ್ಪು ಇವರ್ದೇ ಅತ್ತೆ,” ಅಂದಳು.

“ಪರದೆ ಮಾಡ್ದೋನ್ದು ಅಂತ ಬರೀ.”

“ಪರದೆ ಮೊದ್ಲೇ ಕೂತಿತ್ತು. ಇವರು ಕೇಳ್ದಲೆ ಕೂತ್ರು.”

ಅಲ್ಲಿ ಒಂದು ಪದ್ಧತಿ ಇದೆಯಂತೆ. ಒಂದನ್ನು ಸರಿಪಡಿಸಿ ಕಳಿಸುವಾಗ, ಇದು ಇಂಥವನ ಇಂಥ ಬರವಣಿಗೆಯ ತಪ್ಪನ್ನು ತಿದ್ದುತ್ತದೆ ಎಂದು ಕೆಳಗೆ ಒಂದು ಸಾಲು ಬರೆಯಬೇಕು. ಆ ಸಾಲು ಲೋಕವೆಲ್ಲ ಓದುವ ಕಡೆ ಇರುತ್ತದೆ, ಅಳಿಸಲಾಗುವುದಿಲ್ಲ. ಬರೆಯಬೇಡ ಎಂದೆ. ಬರೆಯದೆ ಕಳಿಸಲಾಗದು ಎಂದಳು. ಇಂಥ ಕೆಲಸವನ್ನು ಸುಳ್ಳಿಟ್ಟುಕೊಂಡು ಮಾಡುವವರಲ್ಲ ಅವರು ಎಂದು ಶಶಿಯ ಹೆಸರನ್ನೇ ಹಿಡಿದಳು.

ನನಗೆ ಬಂದ ಕೋಪಕ್ಕೆ ಅಂದುಬಿಟ್ಟೆ: “ಸತ್ತೋನ್ ತಲೆ ಮೇಲೆ ತಪ್ಪು ಹೊರಿಸ್ಬುಟ್ಟು ನಿನ್ ಹೆಸ್ರು ಬರಿಸ್ಕೋತೀಯಾ?”

ಅವಳು ಕಂಪ್ಯೂಟರ್ ಮುಚ್ಚಿ, ಅದರ ಮೇಲೆ ಅವನ ಟವಲ್ ಹೊದಿಸಿ, ರಾತ್ರಿಗೆ ಅಕ್ಕಿ ಆರಿಸಲು ಕೂತಳು.

8 ಸೆಪ್ಟೆಂಬರ್

ಆತಗೂರಿಗೆ, ಅಪ್ಪನ ಮನೆಗೆ ಹೋದಳು. ಅಲ್ಲಿಂದಲೇ ಕಾಲೇಜಿಗೆ ಹೋಗುತ್ತಾಳಂತೆ. ಹೋಗಿ ಬತ್ತೀನಿ ಅತ್ತೆ ಎಂದಳು. ಹೂಂ ಎಂದೆ.

14 ಸೆಪ್ಟೆಂಬರ್

ಒಬ್ಬಳಿಗೇ ಮುದ್ದೆ ಕಟ್ಟುವುದು ಕಷ್ಟ. ಹಿಟ್ಟಿನ ಅಳತೆ ಕೈಗೆ ಬರುವುದಿಲ್ಲ. ಮಿಕ್ಕದ್ದನ್ನು ಹಸುವಿಗೆ ಹಾಕುತ್ತೇನೆ.

ಪುಟ್ಟಸ್ವಾಮಿ ಫೋನ್ ಮಾಡಿದ್ದ. ಅವಳು ಅಲ್ಲೇ ಇರಲಿ ಬುಡಕ್ಕ, ವಯಸ್ಸಿದೆ, ನಾಳೆ ಅವರಪ್ಪ ಇನ್ನೊಂದು ಕಡೆ ನೋಡಿದರೂ ನಾವು ತಪ್ಪು ಅನ್ನುವ ಹಾಗಿಲ್ಲ, ನಿನಗ್ಯಾಕೆ ಜವಾಬ್ದಾರಿ ಎಂದ. ಅವನು ಹೇಳಿದ್ದು ಸುಳ್ಳಲ್ಲ. ನನ್ನ ಮನೆಯ ಮಾತು ನಿನಗೆ ಬೇಡ ಎಂದು ಫೋನ್ ಇಟ್ಟೆ.

ಡೇರಿಗೆ ಹಾಲನ್ನು ಬೆಟ್ಟಮ್ಮನ ಕೈಲೇ ಕಳಿಸುತ್ತಿದ್ದೇನೆ. ಆ ಮೆಟ್ಟಿಲನ್ನು ನಾನು ಜೂನ್‌ನಿಂದ ಹತ್ತಿಲ್ಲ. ಮಂಡಿ ನೋವು ಎಂದು ಹೇಳಿದ್ದೇನೆ.

ಕೋಣೆಯ ಕಸ ಗುಡಿಸಲು ಹೋದೆ. ಟವಲ್ ಇನ್ನೂ ಹಾಗೇ ಹೊದ್ದುಕೊಂಡಿದೆ. ಅಕ್ಟೋಬರ್ ಅಂದಿದ್ದ ಯಜಮಾನ.

21 ಸೆಪ್ಟೆಂಬರ್, ಮಹಾಲಯ ಅಮಾವಾಸ್ಯೆ

ಸತ್ತ ವರ್ಷವೇ ಹೊಸಬರಿಗೆ ಎಡೆ ಇಡಬಾರದು ಎಂದು ಊರಲ್ಲಿ ಕೆಲವರು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇಡುತ್ತೇವೆ. ಶಶಿಯ ಅಪ್ಪನದು ಒಂದು ಎಲೆ, ಶಶಿಯದು ಒಂದು.

ಕರೆಯದಿದ್ದರೂ ರೂಪ ಆತಗೂರಿನಿಂದ ಬೆಳಗಿನ ಬಸ್ಸಿಗೆ ಬಂದಳು. ಬಂದವಳೇ ಸೀರೆಯ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ನಾಟಿಕೋಳಿ ಸಾರು, ಮುದ್ದೆ, ಅನ್ನ, ವಡೆ, ಎಳ್ಳಿನ ಸಿಹಿ. ಶಶಿಗೆ ಕೋಳಿಸಾರು ಖಾರ ಮುಂದಾಗಿ ಇರಬೇಕು. ಹಾಗೇ ಮಾಡಿದೆವು. ಧೂಪ ಹಾಕಲು ಗಂಡಸು ಬೇಕೆಂದು ತಮ್ಮನನ್ನು ಕರೆಸಿದ್ದೆ. ಅವನು ಹತ್ತು ಗಂಟೆಗೇ ಬಂದು ಕೂತ. ಅವನಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಬಂದಿದ್ದ, ಕೈ ನಡುಗುತ್ತಿತ್ತು. ಒಂದು ಮುದ್ದೆಗೆ ಸಾರು ಬಿಟ್ಟು ಕೊಟ್ಟೆ. ಆಮೇಲೆ ಸುಧಾರಿಸಿಕೊಂಡ.

ಮಧ್ಯಾಹ್ನ ನಡುಮನೆ ಸಾರಿಸಿ, ಎಲೆ ಹಾಕಿ, ಹೊಸ ಪಂಚೆ ಶರಟು ಇಟ್ಟು, ಎಡೆ ಬಡಿಸಿದೆ. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತೆವು. ಒಳಗೆ ಸದ್ದಿರಲಿಲ್ಲ. ಎಲ್ಲವೂ ನನ್ನ ಅತ್ತೆ ಕಲಿಸಿದ ಹಾಗೆ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ಮಾಡಿದೆ. ಈಗಿನವರು ಉಪ್ಪು ನೋಡುತ್ತೇವೆ ಎಂದು ಬಾಯಿಗೆ ಹಾಕಿಕೊಂಡು ಆಮೇಲೆ ಎಡೆಗೆ ಬಡಿಸುತ್ತಾರೆ. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಎಡೆಗೆ ಮುಂಚೆ ಸೌಟು ಹಾಕಿ ಪಾತ್ರೆ ಮುರಿದವಳಲ್ಲ.

22 ಸೆಪ್ಟೆಂಬರ್

ಪಾತ್ರೆ ಮುರಿದೆ.

ಬೆಳಿಗ್ಗೆ ಕೊಟ್ಟಿಗೆಯಲ್ಲಿ ಕೂತಾಗ ತಿಳಿಯಿತು. ತಮ್ಮನಿಗೆ ಕೊಟ್ಟ ಸಾರು ಅದೇ ಪಾತ್ರೆಯದು. ನಾನೇ ಸೌಟು ಹಾಕಿದೆ. ಅವನು ಉಂಡ ಮೇಲೆ, ಎಂಜಲಾದ ಪಾತ್ರೆಯಿಂದ ನನ್ನ ಮಗನಿಗೆ ಮೊದಲ ಎಡೆ ಬಡಿಸಿದೆ. ಬಡಿಸುವಾಗ ಎಷ್ಟು ಧೈರ್ಯವಾಗಿ ಬಡಿಸಿದೆ. ಯಾರೂ ತಡೆಯಲಿಲ್ಲ. ಪಾತ್ರೆ ಹೇಳಲಿಲ್ಲ, ಎಲೆ ಹೇಳಲಿಲ್ಲ, ಬಾಗಿಲು ಹಾಕಿದ ಮೇಲೆ ಒಳಗಿದ್ದವರೂ ಹೇಳಲಿಲ್ಲ. ಎಲ್ಲ ಆಯಿತು ಎಂದುಕೊಂಡು ಇಲ್ಲಿ ಈ ಪುಟದಲ್ಲಿ ಜಂಬ ಬರೆದೆ. ಮೇಲಿನದನ್ನು ಹೊಡೆದು ಹಾಕೋಣವೆಂದು ಪೆನ್ನು ಎತ್ತಿದೆ. ಇರಲಿ ಎಂದು ಬಿಟ್ಟೆ.

ಹಾಲು ಕರೆದದ್ದನ್ನು ಅಲ್ಲೇ ಇಟ್ಟು ಒಳಗೆ ಹೋದೆ. ರೂಪ ಕಾಲೇಜಿಗೆ ಹೊರಟಿದ್ದಳು. ನಿಂತು ಹೇಳಿದೆ.

“ನಂಗೊತ್ತಿತ್ತು ಅತ್ತೆ,” ಅಂದಳು.

“ಗೊತ್ತಿದ್ದೂ ಯಾಕೆ ಬಾಯಿ ಬುಡ್ಲಿಲ್ಲ?”

“ಹೇಳಿದ್ರೆ ಅಷ್ಟನ್ನೂ ಚೆಲ್ಲಿ, ಇನ್ನೊಂದು ಕೋಳಿ ಕುಯ್ಸಿ, ಸಂಜೆಗಂಟ ನಮ್ಮನ್ನೆಲ್ಲ ಉಪ್ವಾಸ ಕೆಡುವ್ತಿದ್ರಿ. ಪುಟ್ಟಸ್ವಾಮಿ ಮಾವನ ಕೈ ನಡುಗ್ತಿತ್ತು. ಹಸ್ದೋರಿಗೆ ಇಕ್ಕಿದ್ರಿ, ಅಷ್ಟೇ. ಇವರು ಬೇಜಾರ್ ಮಾಡ್ಕೊಳೋರಲ್ಲ.”

ಬೇಜಾರು ಮಾಡಿಕೊಳ್ಳುವವನಲ್ಲ. ಅದು ನಿಜ. ಆದರೆ ಮೊದಲ ಎಡೆ ಇನ್ನೊಂದು ಸಲ ಬರುವುದಿಲ್ಲ.

ಅವಳು ಚಪ್ಪಲಿ ಮೆಟ್ಟುವಾಗ ಅಂದೆ: “ಅವ್ನೂ ಹಂಗೇಯ ಮಾಡಿರ್ಬೇಕು. ನೋಡ್ಕೊಳ್ದಲೆ.”

“ಹೂಂ ಅತ್ತೆ.”

“ಬರ್ಕೋ ಹೋಗು ಆ ಸಾಲ್ನ. ನಂದೇನು ಅಡ್ಡಿಯಿಲ್ಲ.”

ಬಸ್ಸು ತಪ್ಪಿತು. ಬೆಟ್ಟಮ್ಮನ ಮಗ ಸ್ಕೂಟರಿನಲ್ಲಿ ಬಿಟ್ಟು ಬಂದ.

29 ಸೆಪ್ಟೆಂಬರ್

ರೂಪ ಬರೆಯುತ್ತಾಳೆ, ಅಳಿಸುತ್ತಾಳೆ. ನಾನು ಕಡಲೆಕಾಯಿ ಇದ್ದರೆ ಸುಲಿಯುತ್ತಾ, ಇಲ್ಲದಿದ್ದರೆ ಸುಮ್ಮನೆ, ಆ ಕೋಣೆಯ ಬಾಗಿಲಲ್ಲಿ ಕೂರುತ್ತೇನೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ.

ಈಗಿನ ಕ್ರಮ ಹೀಗೆ. ಮೊದಲು ಈ ಜಾಗದಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುವುದು. ಇದ್ದರೆ ಅವರನ್ನು ಎಬ್ಬಿಸದೆ ಬೇರೆ ಕಡೆ ಹಿಡಿಯುವುದು. ಪ್ರತಿ ಸಲ ಎದ್ದಾಗಲೂ ಅದೇ ಕಡೆ ಹಿಡಿಯಬೇಕು, ಇಲ್ಲದಿದ್ದರೆ ಹಿಂದಿನ ಸಲ ಬರೆದದ್ದು ಸಿಗುವುದಿಲ್ಲ. ಎಲ್ಲಿಯೂ ಸಿಗದಿದ್ದರೆ ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳುವುದು. ಇಷ್ಟೂ ಹಂಚುವವನು ಬರುವುದರೊಳಗೆ ಆಗಬೇಕು.

ಸಿಗದಿದ್ದರೆ ಸುಮ್ಮನಿದ್ದುಬಿಟ್ಟರೇನು ಎಂದು ಕೇಳಿದೆ. ಇದೆ ಎಂದು ನಂಬಿಕೊಂಡವನಿಗೆ ಇಲ್ಲದ್ದಕ್ಕಿಂತ ಹೆಚ್ಚು ಕೇಡಾಗುತ್ತದೆ ಎಂದಳು.

6 ಅಕ್ಟೋಬರ್

ಯಜಮಾನ ಓದಿದ್ದಾನೆ. ಮಾತು ಸರಿ, ಆದರೆ ಪರದೆ ಇರುವ ನಿಜವಾದ ಯಂತ್ರದಲ್ಲಿ ಬೀಳಿಸಿ ಎಬ್ಬಿಸಿ ತೋರಿಸಿದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದಿದ್ದಾನೆ. ಈ ವಾರದೊಳಗೆ.

ಅಂಥ ಯಂತ್ರ ಈ ಊರಲ್ಲಿ ಒಂದೇ ಇದೆ. ಶಶಿ ತನ್ನ ಕಂಪನಿಯಿಂದ ತರಿಸಿ ನಮ್ಮ ಡೇರಿಯಲ್ಲಿ ಇಡಿಸಿದ ಹಾಲು ಪರೀಕ್ಷೆಯ ಯಂತ್ರ. ಅವನು ಕೊನೆಗೆ ನಿಂತದ್ದು ಅದರ ಮುಂದೆ. ರೂಪ ಅದನ್ನು ಹೇಳಲಾರದೆ ಗೋಡೆ ನೋಡುತ್ತಿದ್ದಳು. ನಾನೇ ಹೇಳಿದೆ. ಭಾನುವಾರ ಹೋಗೋಣ ಎಂದೆ. ಮಂಡಿ ನೋವು ಎಂದಿದ್ರಲ್ಲ ಅತ್ತೆ ಎಂದಳು. ಪರವಾಗಿಲ್ಲ ಎಂದೆ.

12 ಅಕ್ಟೋಬರ್, ಭಾನುವಾರ

ಮೆಟ್ಟಿಲು ನಾಲ್ಕೇ. ಹತ್ತಿದೆ.

ಬೆಳಗಿನ ಹಾಲು ಮುಗಿದು ಜನ ಹೋಗಿದ್ದರು. ಸಂಘದ ಕಾರ್ಯದರ್ಶಿ ನಾಗರಾಜು ಯಂತ್ರ ಮುಟ್ಟಲು ಬಿಡಲು ಹಿಂದೆ ಮುಂದೆ ನೋಡಿದ. ಕೆಟ್ಟುಹೋದರೆ ಸಂಜೆ ಹಾಲು ಏನಾಗಬೇಕು, ಜನ ನನ್ನ ಬೆನ್ನು ಮುರಿಯುತ್ತಾರೆ ಎಂದ.

“ಕೆಟ್ರೆ ನಾನೇ ಬಂದು ಅಳೀತೀನಿ ಕಣ್ಲಾ,” ಅಂದೆ. “ನೀನು ಚಡ್ಡಿ ಹಾಕೋ ಕಾಲ್ದಲ್ಲಿ ಇದೇ ಕಟ್ಟೆ ಮೇಲೆ ಅಳ್ದೋಳು ನಾನು.”

ಕುರ್ಚಿ ತಂದು ಹಾಕಿದ.

ರೂಪ ತನ್ನ ಕಂಪ್ಯೂಟರಿಗೂ ಯಂತ್ರಕ್ಕೂ ತಂತಿ ಹಾಕಿದಳು. ನಾನು ಆ ಯಂತ್ರವನ್ನೇ ನೋಡುತ್ತಿದ್ದೆ. ಬಹಳ ದಿನದಿಂದ ಕೇಳಬೇಕೆಂದುಕೊಂಡದ್ದನ್ನು ಕೇಳಿದೆ.

“ಆವತ್ತಿಂದು ಏನಾರ ಉಳಿದದಾ ಇದ್ರೊಳಗೆ?”

ಅವಳು ತಂತಿ ಬಿಟ್ಟು ನನ್ನ ಕಡೆ ತಿರುಗಿದಳು. “ಇಲ್ಲ ಅತ್ತೆ. ಬಿದ್ದು ತಕ್ಷಣ ಎದ್ರೆ ಉಳೀತದೆ. ಕರೆಂಟೇ ನಿಂತೋದ್ರೆ ಏನೂ ಉಳಿಯಲ್ಲ.”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಈ ಹುಡುಗಿ ಹೇಳುವವಳಲ್ಲ.

ಬೀಳಿಸುವ ಮೊದಲು ಯಂತ್ರದ ಕೈಲಿ ಒಂದು ಕೊನೆಯ ಸಾಲು ಬರೆಸಬೇಕು. ಎದ್ದ ಮೇಲೆ ಅದು ಕೆಡದೆ ಬಂದಿದೆಯೇ ಎಂದು ನೋಡಬೇಕು. ಯಾವ ಸಾಲಾದರೂ ಆದೀತು. ಏನು ಬರೀಲಿ ಅತ್ತೆ ಎಂದು ಕೇಳಿದಳು.

“ಕ್ಯಾನು ತೊಳ್ಕೊಂಡು ಬಾ,” ಅಂದೆ.

ನಾಗರಾಜು ನಕ್ಕ. ರೂಪ ನಗಲಿಲ್ಲ. ಆವತ್ತು ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲಲ್ಲೇ ಇದ್ದಳು. ಅವನು “ಹಾಲು ಹಾಕ್ಬುಟ್ಟು ಬತ್ತೀನಿ” ಅಂದಾಗ ನಾನು ತಿರುಗಿಯೂ ನೋಡದೆ ಅಂದ ಮಾತು ಅದು. ಒಬ್ಬ ಮಗನ ಮುಖ ನೋಡಿ ಕಳಿಸಿಕೊಡುವುದಕ್ಕೆ ಎಷ್ಟು ಹೊತ್ತು ಬೇಕಿತ್ತು. ಸಗಣಿ ಬಾಚುತ್ತಿದ್ದೆ.

ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದಳು. ಮೊದಲು ಶಶಿಯ ಹಳೆಯ ಬರವಣಿಗೆಯಲ್ಲೇ ಬೀಳಿಸಿದಳು. ಪರದೆ ಕಪ್ಪಾಯಿತು, ತನ್ನಷ್ಟಕ್ಕೆ ಎದ್ದಿತು. ಕ್ಯಾನು ಎಂಬ ಒಂದು ಮಾತು ಉಳಿದಿತ್ತು. ಮುಂದೆಲ್ಲ ಚುಕ್ಕೆ, ಗೆರೆ, ಗುರುತಿಲ್ಲದ ಅಕ್ಷರ. ಆಮೇಲೆ ತನ್ನದನ್ನು ಹಾಕಿದಳು. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮತ್ತೆ ಅದೇ ಸಾಲು ಬರೆಸಿ, ಬೀಳಿಸಿದಳು. ಕಪ್ಪಾಯಿತು. ಆ ಕಪ್ಪನ್ನು ನೋಡುತ್ತಾ ಕೂರುವುದು ಕಷ್ಟವಾಯಿತು. ಯಾವಾಗ ಏಳುತ್ತದೆ ಎಂದು ಎರಡು ಸಲ ಕೇಳಿದೆ.

ಎದ್ದಿತು. ಇಡೀ ಸಾಲು ಇತ್ತು. ಒಂದು ಅಕ್ಷರವೂ ಹೋಗಿರಲಿಲ್ಲ.

ನಾನು ಅದನ್ನು ಓದಿದೆ. ಇನ್ನೊಂದು ಸಲ ಓದಿದೆ. ಕನ್ನಡಕ ಮಂಜಾಗಿತ್ತು, ಸೆರಗಿನಿಂದ ಒರೆಸಿಕೊಂಡೆ. ರೂಪ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತು, ನನ್ನ ಮಂಡಿಗೆ ತಲೆಯಿಟ್ಟು ಅತ್ತಳು. ನಾಗರಾಜು ಹೊರಗೆ ಹೋದ. ಒಳ್ಳೆಯ ಹುಡುಗ. ಬೆಳಿಗ್ಗೆ ಗದರಿದ್ದು ಜಾಸ್ತಿಯಾಯಿತು.

13 ಅಕ್ಟೋಬರ್

ಮೂಲೆಯಲ್ಲಿದ್ದ ಕ್ಯಾನನ್ನು ಹುಣಸೆಹಣ್ಣು, ಬೂದಿ ಹಾಕಿ ತೊಳೆದೆ. ವಾಸನೆ ಪೂರ್ತಿ ಹೋಗಲಿಲ್ಲ. ಬಿಸಿಲಿಗೆ ಬೋರಲು ಹಾಕಿದ್ದೇನೆ.

2 ನವೆಂಬರ್

ತೆಗೆದುಕೊಂಡರು. ಯಜಮಾನ ಬರೆದದ್ದು ಎರಡೇ ಮಾತು: ಸೇರಿಸಿದೆ, ವಂದನೆ.

ರೂಪ ತೋರಿಸಿದಳು. ಬರವಣಿಗೆಯ ತಲೆಯಲ್ಲಿ ಮೊದಲು ಬರೆದವನೆಂದು ಶಶಿಧರ್ ಎಂಬ ಹೆಸರು ಹಾಗೇ ಇದೆ. ಇನ್ನು ಮುಂದೆ ಇದನ್ನು ನೋಡಿಕೊಳ್ಳುವವರು ಎಂಬ ಕಡೆ ರೂಪಳ ಹೆಸರು. ಅವಳು ಕಳಿಸಿದ ತಿದ್ದುಪಡಿಯ ಕೆಳಗೆ ಆ ಸಾಲು, ಇಂಥವನ ತಪ್ಪನ್ನು ತಿದ್ದುತ್ತದೆ ಎಂದು. ಅದನ್ನೂ ಬೆರಳಿಟ್ಟು ತೋರಿಸಿದಳು. ಮರೆಮಾಡಲಿಲ್ಲ.

ಅಲ್ಲಿ ಒಂದು ಕಡೆ ಅವನ ಹೆಸರು ಇತ್ತು. ಈಗ ಎರಡು ಕಡೆ ಇದೆ. ಎರಡನೆಯದು ತಪ್ಪಿನ ಪಕ್ಕದಲ್ಲಿ. ಇರಲಿ. ನನ್ನ ತಪ್ಪು ಇದೇ ಡೈರಿಯಲ್ಲಿ ನನ್ನದೇ ಕೈಬರಹದಲ್ಲಿದೆ.

ಸಮಾಧಿಗೆ ಕಲ್ಲು ಹಾಕಿಸಲು ಹೇಳಿದೆ.

17 ನವೆಂಬರ್, ಸೋಮವಾರ

ರೂಪಳ ಅಪ್ಪ ಅವ್ವ ಆತಗೂರಿನಿಂದ ಬಂದಿದ್ದರು. ತಮ್ಮನೂ ಹೆಂಡತಿಯೊಂದಿಗೆ ಬಂದಿದ್ದ. ಮಾತು ಏನೆಂದು ಅವರು ಬಾಯಿ ಬಿಡುವ ಮೊದಲೇ ಗೊತ್ತಿತ್ತು. ಮಗಳನ್ನು ಕಳಿಸಿಕೊಡಿ, ಮುಂದಿನದನ್ನು ನೋಡುತ್ತೇವೆ ಎಂದರು. ನಾನು ಹಿಡಿದಿಟ್ಟುಕೊಂಡಿಲ್ಲ, ಕಳಿಸುವವಳೂ ನಾನಲ್ಲ, ಅವಳು ಬಂದ ಮೇಲೆ ಅವಳನ್ನೇ ಕೇಳಿ ಎಂದೆ. ತಮ್ಮ ನನ್ನ ಮುಖವನ್ನೇ ನೋಡಿದ.

ಅವಳು ಹೋದರೆ ಮತ್ತೆ ಒಬ್ಬಳಿಗೇ ಮುದ್ದೆ ಕಟ್ಟಬೇಕು. ಹಿಟ್ಟಿನ ಅಳತೆ ಕಲಿಯುತ್ತೇನೆ. ಅವಳು ಹೋಗಲಿ ಇರಲಿ, ಆ ಸಾಲುಗಳನ್ನು ನೋಡಿಕೊಳ್ಳುವವಳು ಅವಳೇ.

ಈ ವರ್ಷದ ಮೊದಲ ಸೊಗಡು ಅವರೆ ಸಿಕ್ಕಿತ್ತು, ಬಸ್ಸಾರು ಮಾಡಿದ್ದೆ. ಕಾಲೇಜಿನಲ್ಲಿ ಪರೀಕ್ಷೆ, ಬಸ್ಸು ತಡ ಎಂದು ರೂಪ ಫೋನ್ ಮಾಡಿದ್ದಳು. ಬಂದವರು ಹಸಿದಿದ್ದರು. ಶಶಿಯ ಮುಚ್ಚಳದ ಡಬ್ಬಿ ತೆಗೆದು, ಅದಕ್ಕೆ ಗಟ್ಟಿ ನೋಡಿ ಸಾರು ಬಿಟ್ಟು, ಪಲ್ಯ ಇಟ್ಟು, ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ, ಒಲೆಯ ಪಕ್ಕದ ಬಿಸಿಬೂದಿಯ ಹತ್ತಿರ ಇಟ್ಟೆ. ಆಮೇಲೆ ಎಲ್ಲರಿಗೂ ತಟ್ಟೆ ಹಾಕಿದೆ.

ತಮ್ಮ ಎರಡನೆಯ ಸಲ ಬಡಿಸಿಕೊಂಡು ಮೂರನೆಯದಕ್ಕೆ ತಟ್ಟೆ ಚಾಚಿದ. ಮುಗಿಯಿತು ಎಂದೆ.

“ಅಲ್ಲಿ ಅದೆಯಲ್ಲಕ್ಕ ಡಬ್ಬೀಲಿ,” ಅಂದ.

“ಅದು ಮುಟ್ಬೇಡ ಕಣ್ಲಾ. ಮಗಂದು.”

ಯಾವ ಮಗ ಎಂದು ಅವನು ಕೇಳಲಿಲ್ಲ. ಕೈ ತೊಳೆಯಲು ಎದ್ದ.

ಬಸ್ಸು ಏಳೂವರೆಗೆ ಬಂತು. ಸಾರು ಇನ್ನೂ ಬಿಸಿಯಿತ್ತು.